ಅಮಾವಾಸ್ಯೆಯ ದಿನ ಬಂದ ತನಿಖೆ

ರಾಣೆಬೆನ್ನೂರಿನ ನಮ್ಮ ದೊಡ್ಡವ್ವನ ಮನೆಯನ್ನು ಅಷ್ಟು ಚೊಕ್ಕಟವಾಗಿ ನಾನು ಹಿಂದೆಂದೂ ಕಂಡಿರಲಿಲ್ಲ. ಬ್ಯಾಡಗಿಯಿಂದ ಬೆಳಗಿನ ಬಸ್ಸಿಗೆ ಹೋಗಿ ನೋಡಿದರೆ ಅಂಗಳದಲ್ಲಿ ಒಂದು ಬಿದಿರಿನ ಸಿಬಿರೂ ಇಲ್ಲ. ಸೆಗಣಿ ಸಾರಿಸಿ ರಂಗೋಲಿ ಹಾಕಿದ್ದಾರೆ. ಕಟ್ಟೆಯ ಮೇಲೆ ಯಾರ ಮನೆಯಿಂದಲೋ ತಂದ ಪ್ಲಾಸ್ಟಿಕ್ ಕುರ್ಚಿಗಳು.

"ಬಿದರೆಲ್ಲಾ ಎಲ್ಲಿ ಹೋತಬೇ?" ಎಂದೆ.

"ಸರಕಾರದವ್ರು ಬರಾಕತ್ತಾರ. ಮನಿ ಹೊಲಸು ಇಟ್ಕೊಂಡು ಕುಂದ್ರಲೇನು?"

ಅವರು ನೋಡಲು ಬರುತ್ತಿದ್ದುದೇ ಆ ಬಿದಿರನ್ನು.

ನಾವು ಮೇದಾರರು. ಬುಟ್ಟಿ, ಮೊರ ಹೆಣೆಯುವುದು ಹಿರಿಯರಿಂದ ಬಂದ ಕಸುಬು. ದೊಡ್ಡವ್ವನ ಮೊಮ್ಮಗಳಿಗೆ ಪರಿಶಿಷ್ಟ ಪಂಗಡದ ಮೀಸಲಾತಿಯಲ್ಲಿ ಶಿಕ್ಷಕಿಯ ಕೆಲಸ ಸಿಕ್ಕಿತ್ತು. ಅಷ್ಟರಲ್ಲಿ ಯಾರೋ ತಕರಾರು ತೆಗೆದರು: ಹುಡುಗಿಯ ಅಪ್ಪ ಬಸ್ ಕಂಡಕ್ಟರ್, ಅವನು ಬಿದಿರು ಮುಟ್ಟಿದವನೇ ಅಲ್ಲ, ಇವರು ಮೇದಾರರೂ ಅಲ್ಲ, ಜಾತಿ ಪ್ರಮಾಣಪತ್ರ ಸುಳ್ಳು. ನೇಮಕಾತಿ ನಿಂತಿತು. ಹಾವೇರಿಯ ಕಚೇರಿಗೆ ವಿಚಾರಣೆಗೆಂದು ಅಲೆದು ಎಲ್ಲರ ಚಪ್ಪಲಿ ಸವೆದ ಮೇಲೆ ಈಗ ಮನೆ ತನಿಖೆ. ನಮ್ಮ ಕಸುಬು, ನಮ್ಮ ಪದ್ಧತಿ ಕಣ್ಣಾರೆ ಕಂಡು ಅವರು ವರದಿ ಬರೆಯಬೇಕು. ದೊಡ್ಡವ್ವನೋ, ಹೆಣ್ಣು ನೋಡಲು ಬರುವ ಬೀಗರಿಗೆ ಸಜ್ಜು ಮಾಡಿದ ಹಾಗೆ ಮಾಡಿಟ್ಟಿದ್ದಳು.

ಹುಡುಗಿ ಅಡುಗೆಮನೆಯಲ್ಲಿ ಕಣ್ಣೀರು ಒರೆಸಿಕೊಳ್ಳುತ್ತಿದ್ದಳು. "ಕಾಕಾ, ನಾ ಜಳಕಾ ಮಾಡಿ ಬರೂದ್ರಾಗ ಎಲ್ಲಾ ಸಾಗಿಸಿಬಿಟ್ಟಾಳ."

ಎಲ್ಲಿಗೆ ಎಂದು ಕೇಳುವಷ್ಟರಲ್ಲಿ ಜೀಪು ಬಂದು ನಿಂತಿತು. ತನಿಖೆಯ ಅಧಿಕಾರಿ ನಡುವಯಸ್ಸಿನ ಹೆಣ್ಣುಮಗಳು. ಕುರ್ಚಿಯಲ್ಲಿ ಕೂತು, ಸುತ್ತ ಕಣ್ಣಾಡಿಸಿ ಕೇಳಿದರು: "ಕಸುಬು ಎಲ್ಲಿ ಐತಿ, ಅಜ್ಜಿ?"

ದೊಡ್ಡವ್ವ ನಾಚಿಕೊಂಡು ಸೆರಗು ಸರಿ ಮಾಡಿಕೊಂಡಳು. ಉತ್ತರ ಬಂದದ್ದು ಪಕ್ಕದ ಗೋಡೆಯಾಚೆಯಿಂದ. ಪಕ್ಕದ ಮನೆಯ ಮುಸ್ಲಿಂ ಹೆಣ್ಣುಮಗಳು ಇಣುಕಿ ಹೇಳಿದಳು: "ದೊಡ್ಡವ್ವಾ, ನಿಮ್ಮ ಬಿದರು ಲಗೂ ತಗೋರಿ. ನಮ್ಮ ಆಡು ಮಲಗಾಕ ಜಾಗಾ ಇಲ್ಲದ ಒದರಾಕತ್ತೈತಿ."

ನಾನೂ ಹುಡುಗಿಯೂ ಓಡಿಹೋಗಿ ಬಿದಿರು, ಕತ್ತಿ, ಅರ್ಧ ಹೆಣೆದ ಬುಟ್ಟಿಗಳನ್ನು ಹೊತ್ತು ತಂದೆವು. ಅಧಿಕಾರಿಯ ಹುಬ್ಬು ಮೇಲೇರಿತು. "ತೋರಸಾಕಂತ ಮಂದಿ ಮನ್ಯಾಂದು ಕಡಾ ತರೋರನ್ನ ಭಾಳ ನೋಡೇನಿ. ಅಜ್ಜಿ, ನಿಮ್ಮದ ಆಗಿದ್ರ ಒಂದು ಬಿದರು ಸೀಳಿ ತೋರಸ್ರಿ ನೋಡೋಣು."

ಬದುಕಿದೆವು ಎಂದುಕೊಂಡು ನಾನು ಕತ್ತಿ ತೆಗೆದು ದೊಡ್ಡವ್ವನ ಮುಂದೆ ಇಟ್ಟೆ. ಆಕೆ ಕೈ ಹಿಂದಕ್ಕೆಳೆದುಕೊಂಡಳು.

"ಇವತ್ತ ಆಗಂಗಿಲ್ರಿ ಬಾಯಾರ. ಅಮಾಸಿ ಐತಿ. ನಮ್ಮ ಮನ್ಯಾಗ ಅಮಾಸಿ ದಿನ ಬಿದರಿಗೆ ಕತ್ತಿ ಹಚ್ಚಂಗಿಲ್ಲ."

"ಅಜ್ಜೀ, ಒಂದ ಒಂದು ಸೀಳು," ಎಂದು ಹುಡುಗಿ ಅಂಗಲಾಚಿದಳು. "ನನ್ನ ನೌಕರಿ ಹೊಕ್ಕೈತಿ."

"ಎಲ್ಲಿ ಹೊಕ್ಕೈತಿ? ನಾಳೆ ಹೊತ್ತು ಹುಟ್ಟತೈತಿ ಇಲ್ಲೋ?"

"ಖರೇರಿ ಮೇಡಂ," ಗೋಡೆಯಾಚೆಯವಳು ಸೇರಿಸಿದಳು. "ನನ್ನ ಮಗಳ ಲಗ್ನಕ್ಕ ಮೊರ ಬೇಕಾಗಿತ್ತು. ಕೈ ಮುಗದು ಕೇಳಿದರೂ ಅಮಾಸಿ ಅಂತ ಹೆಣೀಲಿಲ್ಲ ಈ ಮುದುಕಿ."

"ಮರುದಿನಾ ಹೆಣದು ಕೊಟ್ಟಿದ್ದು ಹೇಳವಾ."

"ಕೊಟ್ರಿ, ಕೊಟ್ರಿ. ಬೈಕೋಂತ ಕೊಟ್ರಿ."

ಅಧಿಕಾರಿ ಮೊದಲ ಸಲ ನಕ್ಕರು. ಪೆನ್ನು ತೆರೆದು ಬಹಳ ಹೊತ್ತು ಬರೆದರು. ಏನು ಬರೆದರೋ ನಮಗೆ ಕಾಣಲಿಲ್ಲ. ಏಳುವಾಗ, ನಾಳೆ ಬರುತ್ತೇನೆ, ಆದರೆ ಸೀಳುವವಳು ಅಜ್ಜಿಯಲ್ಲ, ಈ ಹುಡುಗಿ ಎಂದರು.

ಮರುದಿನ ಹೇಳಿದಂತೆ ಬಂದರು. ಕಾಲೇಜಿಗೆ ಸೇರಿದ ಮೇಲೆ ನಮ್ಮ ಹುಡುಗಿ ಕತ್ತಿ ಹಿಡಿದಿರಲಿಲ್ಲ. ಆದರೂ ಕಾಲಲ್ಲಿ ಬಿದಿರನ್ನು ಒತ್ತಿ ಹಿಡಿದು ಸೀಳತೊಡಗಿದಳು. ಮೊದಲ ಸೀಳು ಸೊಟ್ಟಗೆ ಹೋಯಿತು. ದೊಡ್ಡವ್ವ ಅಧಿಕಾರಿ ಎದುರಿಗಿರುವುದನ್ನೇ ಮರೆತಳು.

"ಗಿಣ್ಣಿನ ಹತ್ತರ ಮೆತ್ತಗ. ಪುಸ್ತಕಾ ಹಿಡದಂಗ ಹಿಡೀತಿ ನೋಡು. ಇದನ್ನ ಬುಟ್ಟಿಗೆ ಹಾಕಿದ್ರ ಗಿರಾಕಿ ನನ್ನ ಮಾರಿಗೆ ಒಗೀತಾರ."

ಹುಡುಗಿ ಹಲ್ಲು ಕಚ್ಚಿಕೊಂಡು ಎರಡನೆಯದಕ್ಕೆ ಕೈ ಹಾಕಿದಳು. ಅಧಿಕಾರಿ ಬರೆಯುವುದನ್ನು ಬಿಟ್ಟು ಅಜ್ಜಿ-ಮೊಮ್ಮಗಳ ಜಗಳವನ್ನೇ ನೋಡುತ್ತ ಕೂತರು. ಬುಟ್ಟಿಯ ತಳ ಕಟ್ಟುವವರೆಗೂ ಏಳಲಿಲ್ಲ.

ಹಾವೇರಿಯಿಂದ ತೀರ್ಮಾನ ಬರಲು ಮತ್ತೆ ಒಂದು ಮಳೆಗಾಲ ಹಿಡಿಯಿತು. ಪ್ರಮಾಣಪತ್ರ ಸಿಂಧು, ನೇಮಕಾತಿಗೆ ಅಡ್ಡಿಯಿಲ್ಲ ಎಂಬುದನ್ನು ನಾನೇ ಓದಿ ಹೇಳಿದೆ. ಹುಡುಗಿ ನಗುತ್ತ ಅಳುತ್ತ ಅಪ್ಪನಿಗೆ ಫೋನು ಹಚ್ಚಿದಳು. ದೊಡ್ಡವ್ವ ಮಾತ್ರ ನನ್ನನ್ನು ಹತ್ತಿರ ಕರೆದಳು.

"ಏನಂತ ಬರದಾರೋ ಅದರಾಗ?"

"ನಾವು ಮೇದಾರರು ಅಂತ ಬರದಾರ, ದೊಡ್ಡವ್ವ."

"ಅಷ್ಟ?" ಎಂದಳು. "ನನ್ನ ಕೇಳಿದ್ರ ಮೊದಲನೇ ದಿನಾನ ಹೇಳ್ತಿದ್ನಲ್ಲೋ."