ಕುದುರೆಯ ನಾಡಿ ಹಿಡಿದು ಕೂತ ಅಜ್ಜಿ

ನನ್ನ ದನಿ ದೊಡ್ಡದು. ಶಿರಾಳಕೊಪ್ಪದಲ್ಲಿ ಅಂಗಡಿ ಇಟ್ಟವರ ಮನೆಯಲ್ಲಿ ಹುಟ್ಟಿದವಳು ನಾನು. ಸಂತೆಯ ದಿನ ನಮ್ಮ ಮನೆಯಲ್ಲಿ ಮೆಲ್ಲಗೆ ಮಾತಾಡಿದವರಿಗೆ ಅನ್ನವೂ ತಡವಾಗಿಯೇ ಬೀಳುತ್ತಿತ್ತು. ಸಾಲದ್ದಕ್ಕೆ ಮೂಗಿನ ತುದಿಯಲ್ಲೇ ಸಿಟ್ಟು. ಪಶುವೈದ್ಯೆಯಾಗಿ ಸೊರಬದ ಕಡೆ ಕೆಲಸಕ್ಕೆ ಬಂದ ಮೇಲೆ ಇವೆರಡೂ ನನ್ನ ಉಪಯೋಗಕ್ಕೇ ಬಂದವು. ಹಗ್ಗ ಹಿಡಿಯಿರಿ ಎಂದು ಕೂಗಿದರೆ ಹಿಡಿಯುತ್ತಿದ್ದರು, ದೂರ ಸರಿಯಿರಿ ಎಂದರೆ ಸರಿಯುತ್ತಿದ್ದರು. ಎಮ್ಮೆಗಳಂತೂ ನನ್ನ ಕೂಗಿಗೆ ಬೆದರದೆ ನಿಂತಿರುತ್ತಿದ್ದವು. ಕೂಗಿದರೆ ಕೆಲಸವಾಗುತ್ತದೆ ಎಂದೇ ನಾನು ನಂಬಿದ್ದೆ.

ಆ ನಂಬಿಕೆ ಮುರಿದದ್ದು ಹೊಸಬಾಳೆಯ ಹತ್ತಿರ, ಭತ್ತ ಕೊಯ್ದು ಖಾಲಿಯಾಗಿದ್ದ ಒಂದು ಗದ್ದೆಯಲ್ಲಿ. ಉತ್ತರದ ಕಡೆಯಿಂದ ಕುರಿ ಹೊಡೆದುಕೊಂಡು ಬರುವ ಕುಟುಂಬವೊಂದು ಅಲ್ಲಿ ಗೊಬ್ಬರಕ್ಕೆಂದು ಮಂದೆ ನಿಲ್ಲಿಸಿತ್ತು. ಅವರ ಜೊತೆ ಒಂದು ಹೆಣ್ಣು ಕುದುರೆ. ಗಿಡ್ಡ ಕಾಲು, ಗುಡಾಣದಂಥ ಹೊಟ್ಟೆ, ಕಂದು ಬಣ್ಣ. ನೋಡಲು ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. ಆದರೆ ಪಾತ್ರೆ, ಕಂಬಳಿ, ಕುರಿಗೆ ಸುತ್ತ ಕಟ್ಟುವ ಬಲೆ, ನಡೆಯಲಾರದ ಮರಿಗಳು ಎಲ್ಲವೂ ಊರಿಂದ ಊರಿಗೆ ಅದರ ಬೆನ್ನ ಮೇಲೇ ಸಾಗಬೇಕು. ಅದು ಮುಳ್ಳುತಂತಿಯ ಬೇಲಿ ದಾಟಲು ಹೋಗಿ, ಹಿಂಗಾಲಿನ ತೊಡೆಯ ಚರ್ಮ ಎರಡು ಅಂಗೈಯಗಲ ಹರಿದು ಜೋತಾಡುತ್ತಿತ್ತು.

ಗಂಡಸರು ಕುರಿಗಳ ಹಿಂದೆ ಹೋಗಿದ್ದರು. ಕುದುರೆಯ ಹತ್ತಿರ ಇದ್ದವಳು ಅಜ್ಜಿಯೊಬ್ಬಳೇ, ಆಕೆಯ ಸೊಸೆ ಆಚೆ ಒಲೆಯ ಹತ್ತಿರ ಇದ್ದಳು. ಅದು ಮರಿಯಾಗಿದ್ದಾಗ ದಾರಿಯಲ್ಲೇ ಅದರ ತಾಯಿ ಸತ್ತುಹೋಯಿತಂತೆ. ಇದೂ ಉಳಿಯುವುದಿಲ್ಲ ಎಂದು ಎಲ್ಲರೂ ಕೈಬಿಟ್ಟಾಗ ಅಜ್ಜಿ ಆಡಿನ ಹಾಲು ಕುಡಿಸಿ ಸಾಕಿದಳಂತೆ. ಕುದುರೆಯ ಕಥೆ ಹೇಳುವಾಗ ಆಕೆ ‘ಅದು’ ಎಂದು ಒಮ್ಮೆಯೂ ಅನ್ನಲಿಲ್ಲ, ‘ಈಕಿ’ ಎಂದೇ ಅಂದಳು.

ನಿಲ್ಲಿಸಿಕೊಂಡು ಹೊಲಿಯುವ ಗಾಯವಲ್ಲ ಅದು. ಮುಟ್ಟಿದರೆ ಒದೆಯುತ್ತಿತ್ತು. ಪೂರ್ತಿ ಅರಿವಳಿಕೆ ಕೊಟ್ಟು ಮಲಗಿಸಲೇಬೇಕಿತ್ತು. ಕುದುರೆಯನ್ನು ಹಾಗೆ ಏಕಾಏಕಿ ಮಲಗಿಸುವಂತಿಲ್ಲ. ಮೊದಲು ಮಂಪರು ಬರಿಸುವ ಇಂಜೆಕ್ಷನ್ ಕೊಡಬೇಕು. ತಲೆ ಮೊಣಕಾಲಿನವರೆಗೆ ಇಳಿದು, ಕೆಳತುಟಿ ಜೋತುಬಿದ್ದ ಮೇಲೆಯೇ ಎರಡನೆಯದು, ಕೆಡವುವ ಇಂಜೆಕ್ಷನ್. ಮೊದಲನೆಯ ಔಷಧಿಗೆ ಒಂದು ಗುಣವಿದೆ, ಅದು ಹೃದಯದ ಓಟವನ್ನು ತಗ್ಗಿಸುತ್ತದೆ. ಹೆದರಿದ ಕುದುರೆಗೆ ಅದು ಬೇಗ ಹತ್ತುವುದಿಲ್ಲ. ಹತ್ತಲಿಲ್ಲವೆಂದು ಇನ್ನಷ್ಟು ಕೊಟ್ಟರೆ ಹೃದಯ ಇನ್ನಷ್ಟು ಕುಗ್ಗುತ್ತದೆ. ಆದ್ದರಿಂದ ಸೂಜಿ ಚುಚ್ಚುವ ಮೊದಲೂ ಚುಚ್ಚಿದ ಮೇಲೂ ಸುತ್ತಮುತ್ತ ಸದ್ದಿರಬಾರದು. ಇದನ್ನೆಲ್ಲ ನಾನು ಪರೀಕ್ಷೆಯಲ್ಲಿ ಚೆನ್ನಾಗಿ ಬರೆದು ಪಾಸೂ ಆಗಿದ್ದೆ.

ಜೀವಕ್ಕೆ ಅಪಾಯ ಇದೆ ಎಂದು ಅಜ್ಜಿಗೆ ಮುಚ್ಚುಮರೆಯಿಲ್ಲದೆ ಹೇಳಿದೆ. ಹೊಲಿಯದೆ ಬಿಟ್ಟರೆ ಏನಾಗುತ್ತದೆ ಎಂದು ಕೇಳಿದಳು. ಹುಳ ಬೀಳುತ್ತದೆ, ನಡೆಯಲಾರದು ಎಂದೆ. ಆಕೆ ಕುದುರೆಯ ಕಿವಿ ಸವರಿದಳು.

“ಹಂಗಾರ ಮಾಡ್ರಿ. ನಾ ಈಕೀನ ಬಿಟ್ಟು ಎಲ್ಲೂ ಹೋಗಂಗಿಲ್ಲ,” ಎಂದಳು.

ಹಾಗೆ ಹೇಳಿ ದವಡೆಯ ಕೆಳಗೆ ಎರಡು ಬೆರಳಿಟ್ಟಳು. ಸರಿಯಾಗಿ ನಾಡಿ ಸಿಗುವ ಜಾಗ. ನನ್ನ ಜೊತೆ ಬಂದಿದ್ದ ನಮ್ಮ ಆಸ್ಪತ್ರೆಯ ಕಾಂಪೌಂಡರ್ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಅದನ್ನು ಆಕೆಗೆ ಯಾರೂ ಕಲಿಸಿದ್ದಲ್ಲ. ಮರಿಯಾಗಿದ್ದಾಗ ದಿನಾ ಬೆಳಿಗ್ಗೆ ಎದ್ದು ಜೀವ ಇದೆಯೋ ಇಲ್ಲವೋ ಎಂದು ಮುಟ್ಟಿ ಮುಟ್ಟಿ ಆ ಜಾಗ ಸಿಕ್ಕಿತ್ತಂತೆ.

ಅಷ್ಟರಲ್ಲಿ ಊರಿನ ಹತ್ತಿಪ್ಪತ್ತು ಜನ ಬಂದು ಸೇರಿದ್ದರು. ಬೈಕು ನಿಲ್ಲಿಸಿದವನು ಆಫ್ ಮಾಡಲೇ ಇಲ್ಲ. ನಾನು ಕೂಗಿದೆ. ಮಂಪರಿನ ಇಂಜೆಕ್ಷನ್ ಕೊಟ್ಟೆ. ಒಬ್ಬರು ಮೊಬೈಲ್ ಹಿಡಿದು ಹತ್ತಿರ ಬಂದರು, ಅವರಿಗೂ ಕೂಗಿದೆ. ಸದ್ದು ಮಾಡಬೇಡಿ ಅಂದರೆ ಅರ್ಥವಾಗುವುದಿಲ್ಲವಾ ಎಂದು ಇಡೀ ಗದ್ದೆಗೆ ಕೇಳುವಂತೆ ಅಬ್ಬರಿಸಿದೆ. ನೀರು ತಾ ಎಂದು ಅಜ್ಜಿಯ ಸೊಸೆಯ ಮೇಲೂ, ಕಾಲಿನ ಹತ್ತಿರ ನಿಲ್ಲಬೇಡ ಎಂದು ಅಜ್ಜಿಯ ಮೇಲೂ ರೇಗಿದೆ. ಐದು ನಿಮಿಷವಾಯಿತು. ಕುದುರೆಯ ತಲೆ ಅರ್ಧಕ್ಕಿಳಿದು ಮತ್ತೆ ಮೇಲೇಳುತ್ತಿತ್ತು. ಎಲ್ಲ ಈ ಜನರ ಗದ್ದಲದಿಂದ ಎಂದು ಹಲ್ಲು ಕಚ್ಚಿಕೊಂಡು ಇನ್ನರ್ಧ ಔಷಧಿ ಕೊಟ್ಟೆ. ಮತ್ತೆ ಯಾರೋ ಕೆಮ್ಮಿದರು. ನಾನು ಬಾಯಿ ತೆರೆಯುವುದರಲ್ಲಿದ್ದೆ.

“ಡಾಕ್ಟರವ್ವಾ,” ಎಂದಳು ಅಜ್ಜಿ, ಬೆರಳು ತೆಗೆಯದೆಯೇ. “ಅವ್ರನ್ನ ಬಿಡ್ರಿ. ನೀವು ಸುಮ್ಮನಾಗ್ರಿ. ಈಕಿ ಮಲಗ್ತಾಳ.”

ಕಾಂಪೌಂಡರ್ ಔಷಧಿ ಪೆಟ್ಟಿಗೆಯೊಳಗೆ ಏನೋ ಹುಡುಕುವವರಂತೆ ಮುಖ ಹಾಕಿಕೊಂಡರು. ಅವರ ಹೆಗಲು ಕುಲುಕುತ್ತಿತ್ತು. ಅವರು ನನ್ನ ಜೊತೆ ಕೆಲಸ ಮಾಡುತ್ತಿದ್ದ ಅಷ್ಟೂ ವರ್ಷ ಈ ಮಾತು ಹೇಳಲು ಕಾದಿದ್ದರೆಂದು ಕಾಣುತ್ತದೆ. ನನಗೆ ಮೈಯೆಲ್ಲ ಉರಿಯಿತು. ಬುದ್ಧಿ ಬಂದು ಬಾಯಿ ಮುಚ್ಚಿದ್ದಲ್ಲ, ಸಿಟ್ಟಿಗೇ ಮುಚ್ಚಿದೆ. ಮೂರು ನಿಮಿಷದಲ್ಲಿ ಕುದುರೆಯ ತಲೆ ಇಳಿಯಿತು, ಕೆಳತುಟಿ ಜೋತಿತು. ಆಗ ನೆನಪಾಯಿತು, ಅಷ್ಟು ಹೊತ್ತೂ ನಾನು ಕೂಗಿದಾಗಲೆಲ್ಲ ಅದರ ಎರಡೂ ಕಿವಿ ನನ್ನ ಕಡೆಗೇ ತಿರುಗುತ್ತಿದ್ದವು. ಮೊದಲು ಕೊಟ್ಟ ಔಷಧಿಯೇ ಸಾಕಾಗುತ್ತಿತ್ತು. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಅನ್ನುತ್ತಾರಲ್ಲ, ರಕ್ತಕ್ಕೆ ಸೇರಿದ ಔಷಧಿಯೂ ಹಾಗೆಯೇ.

ಅಜ್ಜಿ ಮೆಲ್ಲಗೆ, ನಡುನಡುವೆ ಒಂದು ಹೊಡೆತ ತಪ್ಪುತ್ತಿದೆ ಎಂದಳು. ಸ್ಟೆತಸ್ಕೋಪ್ ಇಟ್ಟು ಕೇಳಿದೆ. ಮೂರು ಸಲ ಬಡಿದು ನಾಲ್ಕನೆಯದು ಇಲ್ಲ, ಮತ್ತೆ ಮೂರು. ಈ ಔಷಧಿಗೆ ಅದು ಸಹಜ, ಹೆದರಬೇಡ ಎಂದೆ. ಆಕೆಗೆ ಹೇಳಿದಷ್ಟು ಧೈರ್ಯ ನನಗಿರಲಿಲ್ಲ. ಎರಡನೆಯ ಇಂಜೆಕ್ಷನ್ ಕೊಟ್ಟಾಗ ಕುದುರೆ ಮುಂಗಾಲು ಮಡಚಿ, ನಿಟ್ಟುಸಿರು ಬಿಟ್ಟು, ನಿಧಾನವಾಗಿ ಮಗ್ಗುಲಾಯಿತು. ಅಜ್ಜಿ ಅದರ ಕಣ್ಣಿನ ಮೇಲೆ ಕಂಬಳಿ ಹೊದಿಸಿ ಮತ್ತೆ ದವಡೆಯ ಕೆಳಗೆ ಕೈಯಿಟ್ಟು ಕೂತಳು.

ಕಾಂಪೌಂಡರ್ ಡ್ರಿಪ್ ಹಾಕಿದರು, ನಾನು ಗಾಯ ತೊಳೆದು ಹೊಲಿಯತೊಡಗಿದೆ. ಪೇಟೆಯ ದೊಡ್ಡ ಆಸ್ಪತ್ರೆಗಳಲ್ಲಿ ಹೃದಯದ ಗೆರೆ ತೋರಿಸುವ ಯಂತ್ರ ಇರುತ್ತದೆ. ನಮಗೆ ಅಜ್ಜಿಯ ಬಾಯಿ ಇತ್ತು. “ಐತಿ… ಐತಿ… ಐತಿ… ಇಲ್ಲ… ಐತಿ,” ಎಂದು ತನಗೆ ತಾನೇ ಅನ್ನುವಂತೆ ಅನ್ನುತ್ತಿದ್ದಳು. ಅರ್ಧ ಹೊಲಿಗೆ ಮುಗಿದಿತ್ತು. “ಸಣ್ಣಾಗಾಕತ್ತೈತಿ,” ಎಂದಳು.

ಒಸಡು ನೋಡಿದೆ, ಬಿಳಿಚಿಕೊಂಡಿತ್ತು. ಎದೆಗೆ ಸ್ಟೆತಸ್ಕೋಪ್ ಇಟ್ಟರೆ ಬಡಿತ ಎಲ್ಲೋ ದೂರದಲ್ಲಿ, ಬಿಟ್ಟು ಬಿಟ್ಟು ಕೇಳುತ್ತಿತ್ತು. ಡ್ರಿಪ್ ಜೋರಾಗಿ ಬಿಡಲು ಕಾಂಪೌಂಡರಿಗೆ ಸನ್ನೆ ಮಾಡಿದೆ. ಅವರು ಬಾಟಲಿಯನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿದರು. ಆ ಹೆಚ್ಚಿನ ಅರ್ಧ ಔಷಧಿ ಈ ಹೃದಯದ ಮೇಲೆ ಕೂತಿದೆ, ಅದನ್ನು ಕೂರಿಸಿದವಳು ನಾನು ಎಂಬುದು ನನಗೆ ಗೊತ್ತಿತ್ತು. ಮುಚ್ಚಿಡುವುದೇಕೆ, ದೇವರೇ ಇದೊಂದನ್ನು ಉಳಿಸು ಎಂದು ಬೇಡಿಕೊಂಡೆ. ಅಜ್ಜಿಯ “ಐತಿ” ಮತ್ತು “ಐತಿ”ಯ ನಡುವೆ ನಾನೂ ಉಸಿರು ಹಿಡಿದೇ ಹೊಲಿದೆ. ಗದ್ದೆಯಲ್ಲಿದ್ದ ಅಷ್ಟೂ ಜನ, ಯಾರೂ ಹೇಳದೆ, ತುಟಿಪಿಟಿಕ್ಕೆನ್ನದೆ ನಿಂತಿದ್ದರು.

ಕೊನೆಯ ಗಂಟು ಹಾಕುವ ಹೊತ್ತಿಗೆ “ಇಲ್ಲ”ಗಳು ಕಡಿಮೆಯಾದವು. ಬಂತು, ದಪ್ಪಾಗಿ ಬಂತು ಎಂದು ಅಜ್ಜಿ ಹೇಳಿದಾಗ ಒಸಡು ಮತ್ತೆ ಕೆಂಪಾಗುತ್ತಿತ್ತು. ಎಚ್ಚರವಾಗುವಾಗ ಗಡಬಡಿಸಿ ಎದ್ದರೆ ಕುದುರೆ ಕಾಲು ಮುರಿದುಕೊಳ್ಳುತ್ತದೆ. ಅದಕ್ಕೇ ಆಕೆ ಅದರ ಕತ್ತಿನ ಮೇಲೆ ಒರಗಿ, ಕಂಬಳಿ ತೆಗೆಯದೆ, ಇನ್ನೂ ಇಪ್ಪತ್ತು ನಿಮಿಷ ಕೂತಳು. ಎರಡನೆಯ ಪ್ರಯತ್ನಕ್ಕೆ ಕುದುರೆ ಎದ್ದು ನಾಲ್ಕೂ ಕಾಲು ಅಗಲಿಸಿಕೊಂಡು ತೂರಾಡುತ್ತ ನಿಂತಿತು. ಅಜ್ಜಿ ಸೆರಗು ಬಾಯಿಗೊತ್ತಿಕೊಂಡು ಅತ್ತಳು. ಕಾಂಪೌಂಡರ್ ಮೂಗೊರೆಸಿಕೊಂಡು ಧೂಳು ಎಂದರು.

ಜನ ಚದುರಿದರು. ಸೊಸೆ ಚಹಾ ಕಾಯಿಸಲು ಹೋದಳು. ನಾನು ಅಜ್ಜಿಯ ಹತ್ತಿರ ಹೋಗಿ, ಈ ಸಲ ಮೆಲ್ಲಗೆ, ನಡೆದದ್ದನ್ನು ಹೇಳಿದೆ: ನನ್ನ ಕೂಗಾಟಕ್ಕೇ ಕುದುರೆ ಹೆದರಿತ್ತು, ಅದರಿಂದ ಔಷಧಿ ಹೆಚ್ಚು ಕೊಡಬೇಕಾಯಿತು, ಅದರಿಂದಲೇ ನಾಡಿ ಸಣ್ಣದಾಯಿತು, ತಪ್ಪು ನನ್ನದು. ಬೈದರೆ ಬೈಸಿಕೊಳ್ಳೋಣವೆಂದು ನಿಂತೆ.

ಅಜ್ಜಿ ಕುದುರೆಯ ಹಣೆಯ ಕೂದಲನ್ನು ಬೆರಳಿನಿಂದ ಬಿಡಿಸುತ್ತಿದ್ದಳು. ನನ್ನ ಕಡೆ ತಿರುಗಿದಾಗ ಮುಖದಲ್ಲಿ ಸಿಟ್ಟಿರಲಿಲ್ಲ.

“ನಮ್ಮ ಮ್ಯಾಲೂ ಅಷ್ಟಽ ಕೂಗಿದ್ರಿ ಯವ್ವಾ,” ಎಂದಳು. “ನನ್ನ ಎದೀನೂ, ನಮ್ಮ ಸೊಸಿ ಎದೀನೂ ಹಂಗಽ ಹೊಡ್ಕೊಳ್ಳಾಕತ್ತಿತ್ತು. ಅದನ್ನ ಯಾರು ಮುಟ್ಟಿ ನೋಡ್ಯಾರ?”

ಕೈ ತೊಳೆದುಕೊಂಡು ಒಲೆಯ ಹತ್ತಿರ ಹೋದೆ. ನಾನು ರೇಗಿದಾಗಿನಿಂದ ನನ್ನ ಕಣ್ಣು ತಪ್ಪಿಸಿಕೊಂಡೇ ಓಡಾಡುತ್ತಿದ್ದ ಸೊಸೆಯ ಪಕ್ಕದಲ್ಲಿ ನೆಲದ ಮೇಲೆ ಕೂತೆ.