ಮಳೆ ನಿಲ್ಲಲಿ ಅಂದಿದ್ದೆ

ನಮ್ಮ ಬನಶಂಕರಿಗೆ ಚಂಡಮಾರುತ ಬರುವುದು ಚಳಿಯ ರೂಪದಲ್ಲಿ. ಬಂಗಾಳ ಕೊಲ್ಲಿಯ ದಡದಲ್ಲಿ ಯಾರ ಮನೆಯ ಸೂರು ಹಾರಿದರೂ ನಮಗೆ ಮೂರು ದಿನ ಜಿಟಿಜಿಟಿ ಮಳೆ, ಒಣಗದ ಬಟ್ಟೆ, ಸಂಜೆಗೆ ಬಿಸಿ ಬೋಂಡ. ರೇಡಿಯೋದಲ್ಲಿ ವಾಯುಭಾರ ಕುಸಿತ ಅಂದ ಕೂಡಲೇ ಅಪ್ಪ ಮಫ್ಲರ್ ಹುಡುಕುತ್ತಿದ್ದರು, ನಾನು ಕಡಲೆಹಿಟ್ಟಿನ ಡಬ್ಬ ಇಳಿಸುತ್ತಿದ್ದೆ. ನಾಚಿಕೆಯಾಗಬೇಕಾದ ಮಾತು, ಆದರೂ ನಿಜ.

ತೊಂಬತ್ತರ ದಶಕದ ಆ ನವೆಂಬರಿನಲ್ಲಿ ಅಕ್ಕ ಏಳು ತಿಂಗಳ ಬಸುರಿ. ಅವಳನ್ನು ಆಂಧ್ರದ ಕರಾವಳಿಯ ಒಂದು ಊರಿಗೆ ಕೊಟ್ಟಿತ್ತು. ಅಮ್ಮ ತೀರಿಕೊಂಡಿದ್ದರಿಂದ ಬಾಣಂತನ ನನ್ನ ಪಾಲಿಗೆ ಬಂದಿತ್ತು. ಹಂಡೆ ಉಜ್ಜಿ, ಸೌದೆ ತರಿಸಿ, ಹಳೇ ಸೀರೆಗಳನ್ನು ಒಗೆದು ಮಡಿಸಿಟ್ಟಿದ್ದೆ. ಬಸುರಿಯನ್ನು ತವರಿನವರೇ ಹೋಗಿ ಕರೆತರಬೇಕು. ಅಪ್ಪ ಹೊರಡುವುದೊಂದೇ ಬಾಕಿ.

ಅಷ್ಟರಲ್ಲಿ ಜಡಿ ಹಿಡಿಯಿತು. ಅಪ್ಪನಿಗೆ ಕೆಮ್ಮು. ಎರಡನೇ ದಿನ ಬೆಳಿಗ್ಗೆ ಅಕ್ಕ ಫೋನ್ ಮಾಡಿದಳು.

"ಅಪ್ಪನ್ನ ಇವತ್ತೇ ಕಳಿಸೇ. ಇಲ್ಲಿ ತೂಫಾನು ಬರತ್ತೆ ಅಂತ ರೇಡಿಯೋದಲ್ಲಿ ಹೇಳ್ತಿದಾರೆ, ಯಾಕೋ ಭಯ ಆಗ್ತಿದೆ."

"ಇಲ್ಲಿ ನಿನ್ನೆಯಿಂದ ಬಿಟ್ಟಿಲ್ಲ ಕಣೇ. ಮಳೆ ನಿಲ್ಲಲಿ, ಕಳಿಸ್ತೀನಿ."

"ಇಲ್ಲಿ ಚೆನ್ನಾಗೇ ಬಿಸಿಲಿದೆ."

"ಮತ್ತಿನ್ನೇನು ಭಯ ನಿಂಗೆ? ಮೊದಲಿಂದ್ಲೂ ಪುಕ್ಕಲಿ ನೀನು."

ಅವಳು ನಕ್ಕಳು. "ಆಯ್ತು ಬಿಡಮ್ಮ, ನಿಮ್ಮ ಬನಶಂಕರಿ ಮಳೆ ನಿಂತ ಮೇಲೇ ಬರ್ತೀನಿ" ಅಂದು ಫೋನ್ ಇಟ್ಟಳು.

ಅಪ್ಪನಿಗೆ ನಾನು ಹೇಳಲಿಲ್ಲ. ಹೇಳಿದ್ದರೆ ಕೆಮ್ಮುತ್ತಲೇ ಹೊರಡುತ್ತಿದ್ದರು. ಅವರೂ ಹಾಸಿಗೆ ಹಿಡಿದರೆ ಇಬ್ಬರ ಆರೈಕೆಯೂ ನನ್ನ ತಲೆಗೇ ಬರುತ್ತಿತ್ತು.

ಒಂದು ದಿನ ಬಿಟ್ಟು ಬಿಸಿಲು ಬಂತು. ಟೆರೇಸಿನ ಮೇಲೆ ಬಟ್ಟೆಯೆಲ್ಲ ಗರಿಗರಿ. ಇಲ್ಲಿ ಬಾನು ತಿಳಿಯಾದರೆ ಅಲ್ಲೂ ಆದಂತೆಯೇ ಎಂದು ಇಬ್ಬರೂ ನಂಬಿದೆವು. ಮದರಾಸಿನ ಕಡೆ ಬರುತ್ತಿದ್ದ ಚಂಡಮಾರುತ ಉತ್ತರಕ್ಕೆ ತಿರುಗಿ, ನಮ್ಮ ಮೋಡಗಳನ್ನೂ ಎಳೆದುಕೊಂಡು ಅಕ್ಕನ ಊರಿಗೆ ಹೋಗಿದೆ ಅಂತ ನಮಗೇನು ಗೊತ್ತು? ಮಳೆ ನಿಂತಿದೆ ಅಂತ ಹೇಳಲು ಫೋನ್ ಮಾಡಿದೆ, ಲೈನ್ ಸಿಗಲಿಲ್ಲ. ಅಪ್ಪ ಸಂತೋಷದಿಂದಲೇ ಬಸ್ ಹತ್ತಿದರು.

ವಾರದ ಮೇಲೆ ಒಬ್ಬರೇ ಬಂದರು. ಗಾಳಿಗೆ ಗೋಡೆ ಕುಸಿದಿತ್ತಂತೆ. ಭಾವ ಉಳಿದಿದ್ದರು, ಅಕ್ಕ ಹೋಗಿದ್ದಳು. ಅಪ್ಪ ಚಪ್ಪಲಿ ಕೂಡ ಬಿಡದೆ ಕುರ್ಚಿಯಲ್ಲಿ ಕೂತು, "ಮುಂಚೆ ಏನಾದ್ರೂ ಫೋನ್ ಮಾಡಿದ್ಲಾ ನಿಂಗೆ?" ಎಂದು ಕೇಳಿದರು.

"ಇಲ್ಲಪ್ಪ" ಅಂದೆ.

ಅವರು ಮತ್ತೆ ಕೇಳಲಿಲ್ಲ. ಸಾಯುವ ತನಕ ಕೇಳಲಿಲ್ಲ.

ಈಚೆಗೆ ಚಂಡಮಾರುತಗಳಿಗೂ ನಾಮಕರಣ ಮಾಡುತ್ತಾರೆ. ಎಲ್ಲಿ ದಡ ಮುಟ್ಟುತ್ತದೆ, ಗಾಳಿ ಎಷ್ಟು ಜೋರು ಎಲ್ಲವನ್ನೂ ಟಿವಿಯಲ್ಲಿ ಗೆರೆ ಎಳೆದು ಮೊದಲೇ ತೋರಿಸುತ್ತಾರೆ. ನಮ್ಮದಕ್ಕೆ ಹೆಸರೇ ಇರಲಿಲ್ಲ. ಹೆಸರು ಹಿಡಿದು ಶಪಿಸೋಣವೆಂದರೆ ನನ್ನ ಹೆಸರೇ ಬಾಯಿಗೆ ಬರುತ್ತದೆ.

ನವೆಂಬರಿನ ಜಡಿ ಇರುವಷ್ಟು ದಿನ ಪರವಾಗಿಲ್ಲ. ಮಳೆ ನಿಂತು ಬಿಸಿಲು ಬಿದ್ದರೆ ಟೆರೇಸ್ ಹತ್ತಲು ಆಗುವುದಿಲ್ಲ. ಅಕ್ಕ ಬೇಕು ನನಗೆ, ಇಷ್ಟು ವರ್ಷವಾದರೂ ಬೇಕು. ಅದಕ್ಕೇ ಮಳೆ ಇನ್ನೂ ಸುರಿಯುತ್ತಿರುವಾಗಲೇ ಟವೆಲ್ ಹಿಡಿದು ಬಾಗಿಲಲ್ಲಿ ನಿಲ್ಲುತ್ತೇನೆ. ಮನೆಯಲ್ಲಿ ಯಾರೂ ಇಲ್ಲದಿದ್ದರೆ ಬಾಯಿಬಿಟ್ಟೇ ಹೇಳುತ್ತೇನೆ, "ನೆನ್ಕೊಂಡೇ ಬಾರೇ, ತಲೆ ಒರೆಸ್ತೀನಿ."