ಅಕ್ಕ ಗ್ಯಾನಕ್ಕೆ ಕೂತ ದಿನಗಳು

ನಮ್ಮ ತಾಲ್ಲೂಕು ಮದರಾಸನ್ನು ಬಿಟ್ಟು ಮೈಸೂರಿಗೆ ಸೇರಿದ್ದು ೧೯೫೬ರಲ್ಲಿ. ಅದರಿಂದ ಕೊಳ್ಳೇಗಾಲದ ಜನಕ್ಕೆ ಏನೇನು ಲಾಭವಾಯಿತೋ ತಿಳಿದವರು ಹೇಳಬೇಕು. ನನಗಾದ ಲಾಭವೆಂದರೆ ಹಕಾರ. ಅಲ್ಲಿಯವರೆಗೆ ಆಲು ಕುಡಿದು ಊವು ಮುಡಿದವರ ನಡುವೆ ಬೆಳೆದ ನಾನು ಹನೂರಿನ ಶಾಲೆಯಲ್ಲಿ ಮೇಷ್ಟರಾಗಿ ನಿಂತ ಹೊಸದರಲ್ಲೇ ಇನ್‌ಸ್ಪೆಕ್ಟರರೊಬ್ಬರು ಬಂದು, ಮಕ್ಕಳ ಎದುರಿಗೇ ನನ್ನ ಉಚ್ಚಾರಣೆ ತಿದ್ದಿದರು. ಮಹಾಪ್ರಾಣಗಳು ಸರ್ಕಾರದ ಸೊತ್ತು, ಹಾಳುಮಾಡತಕ್ಕದ್ದಲ್ಲ ಎಂಬಂತಿತ್ತು ಅವರ ಧಾಟಿ. ಅಂದಿನಿಂದ ನಾನು ಕೆಮ್ಮುವಾಗಲೂ ವ್ಯಾಕರಣ ತಪ್ಪಲಿಲ್ಲ. ಹತ್ತು ವರ್ಷದಲ್ಲಿ ನನ್ನ ಮಾತು ಪಠ್ಯಪುಸ್ತಕದಷ್ಟು ಶುದ್ಧವಾಯಿತು. ಅದರಷ್ಟೇ ಜನರಿಂದ ದೂರವೂ ಆಯಿತು. ಮುಂದೆ ನಾನು ಮಾಡಿದ ತಪ್ಪಿಗೆ ಈ ಶುದ್ಧಿಯೇ ಕಾರಣವಾದ್ದರಿಂದ ಮೊದಲೇ ಹೇಳಿದ್ದೇನೆ.

ನನಗೊಬ್ಬಳು ಅಕ್ಕ. ಕೊಳ್ಳೇಗಾಲದಲ್ಲಿ ಒಬ್ಬರ ಚರಕದ ಮನೆಯಲ್ಲಿ ರೇಷ್ಮೆ ನೂಲು ತೆಗೆಯುವ ಕೆಲಸ ಅವಳದು. ಕುದಿಯುವ ನೀರಿನಲ್ಲಿ ಗೂಡು ಬೇಯಿಸಿ, ಕಣ್ಣಿಗೆ ಕಂಡೂ ಕಾಣದ ಎಳೆಗಳನ್ನು ಹುಡುಕಿ, ನಾಲ್ಕೈದನ್ನು ಕೂಡಿಸಿ ಚರಕಕ್ಕೆ ಹತ್ತಿಸಬೇಕು. ಮನಸ್ಸು ಅತ್ತಿತ್ತ ಹೋದರೆ ಎಳೆ ಹರಿಯುತ್ತದೆ, ಇಲ್ಲವೆ ಬೆರಳು ಬೇಯುತ್ತದೆ. ಭಾವ ತೀರಿಕೊಂಡಾಗ ಅಕ್ಕನ ಮಗಳು ಇನ್ನೂ ತೊಟ್ಟಿಲಲ್ಲಿದ್ದಳು. ಐದು ವರ್ಷ ತುಂಬಿದ ಮೇಲೆ ಆ ಮಗುವೂ ನಾಲ್ಕು ದಿನದ ಜ್ವರದಲ್ಲಿ ಹೋಯಿತು.

ಆಮೇಲೆ ಅಕ್ಕ ಅಳಲಿಲ್ಲ. ಮಗುವಿನ ಮಾತು ಯಾರಾದರೂ ಎತ್ತಿದರೆ ಎದ್ದು ಹೋಗುತ್ತಿದ್ದಳು. ಮಗುವಿನ ಬಟ್ಟೆಬರೆಯನ್ನೆಲ್ಲ ಯಾರಿಗೋ ಕೊಟ್ಟಳು. ಆದರೆ ಎದೆ ಡವಡವ ಹೊಡೆದುಕೊಳ್ಳಲು ಶುರುವಾಯಿತು. ಬಾಗಿಲು ಕಿರುಗುಟ್ಟಿದರೆ ಬೆಚ್ಚುವಳು, ಊಟ ಸೇರದು, ನಿದ್ದೆ ಬಾರದು. ಬೆರಳುಗಳು ಅದುರಿ ಎಳೆ ಸಿಗುತ್ತಿರಲಿಲ್ಲ, ಸಿಕ್ಕರೆ ನಿಲ್ಲುತ್ತಿರಲಿಲ್ಲ. ಹೀಗೇ ಆದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆಂದು ಚರಕದ ಯಜಮಾನರು ಸೌಮ್ಯವಾಗಿಯೇ ಹೇಳಿದರು. ಡಾಕ್ಟರು ನೋಡಿ, ಎದೆಯಲ್ಲಿ ರೋಗವೇನಿಲ್ಲ ಎಂದರು. ಓಣಿಯವರು ಗಾಳಿ ಸೋಕಿದೆ ಎಂದು ತೀರ್ಮಾನಿಸಿದರು. ವಿಜ್ಞಾನದ ಪಾಠ ಮಾಡುವ ನಾನು ಅದಕ್ಕೆ ಒಪ್ಪಿಗೆ ಕೊಡಲಿಲ್ಲ. ಅವಳ ಒಪ್ಪಿಗೆ ಕೇಳಿದ ನೆನಪಿಲ್ಲ.

ಮರು ವರ್ಷ ಬೇಸಿಗೆಯಲ್ಲಿ ಯಳಂದೂರಿನಲ್ಲಿ ಮೇಷ್ಟರಿಗೆಲ್ಲ ಒಂದು ತರಬೇತಿ ನಡೆಯಿತು. ಮೈಸೂರಿನಿಂದ ಬಂದ ಉಪನ್ಯಾಸಕರೊಬ್ಬರು ಗೋಣಿಚೀಲದಿಂದ ಸುಣ್ಣದ ಗಾರೆಯ ಮಿದುಳೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಅದು ತೆಂಗಿನಕಾಯಿಯಂತೆ ಎರಡು ಹೋಳಾಗುತ್ತಿತ್ತು. ಇದರ ಬುಡದಲ್ಲಿ ಬಹಳ ಹಳೆಯದೊಂದು ಭಾಗವಿದೆ, ಅದು ಹಟ್ಟಿ ಕಾಯುವ ನಾಯಿಯ ಹಾಗೆ ಎಂದರು. ಕಳ್ಳ ಬಂದರೂ ಬೊಗಳುತ್ತದೆ, ಎಲೆ ಬಿದ್ದರೂ ಬೊಗಳುತ್ತದೆ. ದೊಡ್ಡ ಪೆಟ್ಟು ತಿಂದವರಲ್ಲಿ ಅದು ಬೊಗಳುವುದನ್ನು ನಿಲ್ಲಿಸುವುದೇ ಇಲ್ಲ. ಎದೆ ಹೊಡೆದುಕೊಳ್ಳುವುದು, ನಿದ್ದೆಗೆಡುವುದು ಎಲ್ಲ ಅದರದೇ ಕೆಲಸ. ದಿನಕ್ಕೆ ಅರ್ಧ ಗಂಟೆ ಕಣ್ಣು ಮುಚ್ಚಿ, ಒಳಗೆ ಹೋಗುವ ಹೊರಗೆ ಬರುವ ಉಸಿರನ್ನು ಸುಮ್ಮನೆ ಗಮನಿಸುತ್ತ ಕೂತರೆ ನಾಯಿ ಮೆಲ್ಲಗೆ ಮಲಗುತ್ತದೆ. ಇದು ಧ್ಯಾನ, ಇದಕ್ಕೂ ದೇವರಿಗೂ ಸಂಬಂಧವಿಲ್ಲ. ನನ್ನ ಪಕ್ಕದಲ್ಲಿದ್ದ ಸತ್ತೇಗಾಲದ ಮೇಷ್ಟರು ಎದ್ದು ನಿಂತು, ಇನ್‌ಸ್ಪೆಕ್ಟರು ಬಂದಾಗ ಆ ನಾಯಿ ಬೊಗಳಿದರೆ ಅದನ್ನು ಮಲಗಿಸಬೇಕೋ ಬೇಡವೋ ಎಂದು ಕೇಳಿದರು. ಎಲ್ಲರೂ ನಕ್ಕರು. ನಾನು ನಗದೆ ಬರೆದುಕೊಂಡೆ.

ವಾಪಸು ಹೊರಟವನು ಹನೂರಿನ ಬಸ್ಸು ಹಿಡಿಯುವ ಮುನ್ನ ಅಕ್ಕನ ಮನೆಗೆ ಹೋಗಿ, ನಿಂತ ಕಾಲಿನಲ್ಲೇ ಚಿಕಿತ್ಸೆ ವಿಧಿಸಿದೆ. ದಿನವೂ ಬೆಳಿಗ್ಗೆ ಅರ್ಧ ಗಂಟೆ ಅಲುಗದೆ ಕೂತು ಧ್ಯಾನ ಮಾಡು, ಒಂದು ದಿನವೂ ತಪ್ಪಿಸಬೇಡ ಎಂದೆ. ಉಸಿರಿನ ವಿಚಾರ ಎತ್ತಲಿಲ್ಲ. ಧ್ಯಾನ ಎಂದಮೇಲೆ ಅದು ಅದರೊಳಗೇ ಬಂತಲ್ಲ ಎಂದು ನನ್ನ ಎಣಿಕೆ. ಅವಳು ಸೆರಗಿನಲ್ಲಿ ಕೈ ಒರೆಸಿಕೊಂಡು ಕೇಳಿದಳು:

"ಅದ ಮಾಡುದ್ರೆ ಎದೆ ಒಡ್ಕಳದು ನಿಲ್ತದಾ?"

ನಿಲ್ಲುತ್ತದೆ ಎಂದೆ.

"ಬಲು ಕಷ್ಟ ಕಣ್ಲಾ ಅದು. ನನ್ ಕೈಲಿ ಆದದಾ?"

ಕಷ್ಟವಾದಷ್ಟೂ ಗುಣ ಹೆಚ್ಚು, ಅರ್ಧಕ್ಕೆ ಮಾತ್ರ ಬಿಡಬೇಡ ಎಂದು ಹೇಳಿ, ಬಸ್ಸಿಗೆ ಓಡಿದೆ.

ಎರಡು ತಿಂಗಳು ಕಳೆಯಿತು. ಭಾನುವಾರಗಳಲ್ಲಿ ಹೋದಾಗ ಬಾಗಿಲಲ್ಲೇ ನಿಂತು ನೋಡುತ್ತಿದ್ದೆ. ಚಾಪೆಯ ಮೇಲೆ ಬೆನ್ನು ನೆಟ್ಟಗೆ, ಕಣ್ಣು ಮುಚ್ಚಿ, ಕಲ್ಲಿನಂತೆ ಕೂತಿರುತ್ತಿದ್ದಳು. ತುಟಿ ಒಮ್ಮೊಮ್ಮೆ ಅಲುಗುತ್ತಿತ್ತು. ಯಳಂದೂರಿನಲ್ಲಿ ಯಾರೂ ಅಷ್ಟು ಚೆನ್ನಾಗಿ ಕೂತಿರಲಿಲ್ಲ. ಅವಳು ಸೊರಗುತ್ತಿದ್ದದ್ದು ಕಾಣಿಸಿತು. ಮೈಯ ಕೆಟ್ಟ ನೀರು ಇಳಿಯುತ್ತಿರಬಹುದು ಎಂದುಕೊಂಡೆ. ಈ ಪ್ರಯೋಗದ ಮೇಲೆ ಮುಂದಿನ ತರಬೇತಿಯಲ್ಲಿ ಮಾತಾಡಬೇಕೆಂದು ಎಂಟು ಪುಟದ ಪ್ರಬಂಧವನ್ನೂ ಬರೆಯತೊಡಗಿದ್ದೆ.

ಮೂರನೆಯ ತಿಂಗಳು ಒಂದು ಭಾನುವಾರ ಅವಳು ಕಣ್ಣು ತೆರೆದವಳೇ ನನ್ನನ್ನು ಕೇಳಿದಳು: ಮಗುವಿಗೆ ನಾಲ್ಕು ತುಂಬಿದ ವರ್ಷ, ಎಲ್ಲರೂ ಗಾಡಿ ಕಟ್ಟಿಕೊಂಡು ಕಾಮಗೆರೆಗೆ ಹೋಗಿದ್ದೆವಲ್ಲ, ಅವತ್ತು ಅವಳು ಹಾಕಿಕೊಂಡಿದ್ದ ಲಂಗ ಯಾವ ಬಣ್ಣದ್ದು? ನನಗೆ ತಿಳಿಯದೆಂದೆ. "ಅದೊಂದು ಗ್ಯಾನಕ್ಕೆ ಬರ್ದೆ ವೋಯ್ತು. ಮಿಕ್ಕದ್ದೆಲ್ಲ ಬಂತು," ಎಂದಳು.

ಆಗ ನನಗೆ ಅರ್ಥವಾಯಿತು. ನಮ್ಮ ಕಡೆ ಧ್ಯಾನವೂ ಗ್ಯಾನವೇ, ಜ್ಞಾನವೂ ಗ್ಯಾನವೇ. ಮನೆಮಾತಿನಲ್ಲಿ ಅದಕ್ಕೆ ಉಳಿದ ಅರ್ಥ ನೆನಪು. ಗ್ಯಾನ ಮಾಡ್ಕೋ ಎಂದರೆ ನೆನಪು ಮಾಡಿಕೋ ಎಂದು. ಆ ಮಾತನ್ನು ಆಡುತ್ತಲೇ ಬೆಳೆದ ನಾನು, ಅದನ್ನು ಮರೆತು, ನೆನಪಿಗೆ ಹೆದರಿ ಓಡುತ್ತಿದ್ದ ಹೆಂಗಸಿಗೆ ದಿನವೂ ಅರ್ಧ ಗಂಟೆ ನೆನಪು ಮಾಡಿಕೊಳ್ಳಲು ಅಪ್ಪಣೆ ಕೊಟ್ಟಿದ್ದೆ. ಅವಳು ಕೆಲಸದಲ್ಲಿ ಯಾವತ್ತೂ ಕಳ್ಳಿಯಲ್ಲ. ಹೆರಿಗೆಯಿಂದ ಶುರು ಮಾಡಿ, ಒಂದು ಬೆಳಿಗ್ಗೆಗೆ ಮಗುವಿನ ಒಂದು ತಿಂಗಳಂತೆ, ಎಳೆ ಹರಿಯದ ಹಾಗೆ ಬಿಚ್ಚಿಕೊಂಡು ಬಂದಿದ್ದಳು. ಕಡೆಯ ತಿಂಗಳು ಬಂದ ಮೇಲೆ ದಿನಕ್ಕೊಂದು ದಿನ.

"ಇನ್ನ ನಾಕೇ ದಿಸ ಉಳ್ಕಂಡದೆ. ಜರ ಬಂದದ್ದು," ಎಂದಳು.

ನಾನು ಅವಳ ಎದುರಿಗೆ ಕೂತು, ಇಷ್ಟು ಸಾಕು, ಇದು ನಾನು ಹೇಳಿದ್ದಲ್ಲ ಎಂದೆ. ನಾಯಿ, ಹಟ್ಟಿ, ಗಾರೆಯ ಮಿದುಳು ಎಲ್ಲವನ್ನೂ ವಿವರಿಸಿದೆ. ಏನನ್ನೂ ನೆನೆಯಬೇಕಾಗಿಲ್ಲ, ಬರಿಯ ಉಸಿರನ್ನು ನೋಡುತ್ತ ಕೂತರಾಯಿತು ಎಂದೆ.



"ಉಸ್ರು ನೋಡದಾ? ಆ ಮಗೀನ ಉಸ್ರು ನೋಡ್ತಾ ಮೂರು ದಿಸ ಕುಂತಿದ್ನಲ್ಲಾ, ಸಾಲ್ದಾ?" ಎದ್ದು ಚಾಪೆ ಸುತ್ತುತ್ತ, "ಅರ್ದಕ್ಕೆ ಬುಡಬ್ಯಾಡ ಅಂದೋನು ನೀನೇಯ," ಎಂದಳು.

ನಾನು ನಾಲ್ಕು ದಿನ ರಜೆ ಹಾಕಿದೆ. ಅರ್ಜಿಯಲ್ಲಿ ಹೊಟ್ಟೆನೋವು ಎಂದು ಬರೆದೆ. ಬೇರೆ ಕಾರಣಕ್ಕೆ ಇಲಾಖೆಯಲ್ಲಿ ಅವಕಾಶವಿರಲಿಲ್ಲ. ಬೆಳಿಗ್ಗೆ ಅವಳು ಕೂತಾಗ ನಾನೂ ಗೋಡೆಗೆ ಒರಗಿ ಕೂರುತ್ತಿದ್ದೆ. ಮೊದಲ ದಿನ ಅವಳ ಹಣೆಯಲ್ಲಿ ಬೆವರು ಬಂತು. ಎರಡನೆಯ ದಿನ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಮೂರನೆಯ ದಿನ ಅತ್ತಳು, ಒಂದು ವರ್ಷದಲ್ಲಿ ಮೊದಲ ಸಲ. ಓಣಿಯವರು ಬಾಗಿಲಿಗೆ ಬಂದು, ಗಾಳಿ ಬಿಡುತ್ತಿದೆ ಎಂದು ಒಬ್ಬರಿಗೊಬ್ಬರು ಹೇಳಿಕೊಂಡು ಹೋದರು. ಆ ಹೊತ್ತಿಗೆ ಅವರ ವಿವರಣೆ ನನ್ನದಕ್ಕಿಂತ ಕೀಳೇನೂ ಅಲ್ಲ ಎನ್ನಿಸಿತು.

ನಾಲ್ಕನೆಯ ಬೆಳಿಗ್ಗೆ ಸ್ವಲ್ಪ ಹೊತ್ತಿಗೇ ಕಣ್ಣು ತೆರೆದಳು.

"ಮದ್ಯಾನ್ದ ಮೇಲೆ ನಂಗೆ ಗ್ಯಾನ ತಪ್ಪೋಗಿತ್ತು. ನನ್ನ ಪಡಸಾಲೇಲಿ ಮನಗ್ಸಿದ್ರು. ನೀ ಒಳಗಿದ್ದೆ. ನೀನೇ ಯೋಳು."

ಹೌದು, ನಾನಿದ್ದೆ. ಅವಳಿಗೆ ಎಚ್ಚರವಿಲ್ಲದ ಆ ಮುಕ್ಕಾಲು ಗಂಟೆ ಮಗುವಿನ ಹತ್ತಿರ ಇದ್ದವನು ನಾನೊಬ್ಬನೇ. ಮಗು ನಿದ್ದೆಯಲ್ಲೇ ಹೋಯಿತೆಂದು ಎಲ್ಲರಿಗೂ ಹೇಳಿಯಾಗಿತ್ತು. ಅದನ್ನೇ ಇನ್ನೊಮ್ಮೆ ಹೇಳಿದರೆ ಮುಗಿಯುತ್ತಿತ್ತು. ಹೇಳಲು ಬಾಯಿಯನ್ನೂ ತೆರೆದೆ. ಆದರೆ ಕೊಳ್ಳೇಗಾಲದ ಪೇಟೆಯಲ್ಲಿ ಎಳೆಯ ಲೋಪವನ್ನು ಬೆರಳ ತುದಿಯಲ್ಲೇ ಹಿಡಿಯುವವಳು ಅವಳು. ಸುಳ್ಳು ಅವಳ ಕೈಗೆ ಸಿಕ್ಕೀತೆಂಬ ಹೆದರಿಕೆಗೇ ನಿಜ ಹೇಳಿದೆನೋ ಏನೋ. ಮಗುವಿಗೆ ಎಚ್ಚರವಾಗಿತ್ತು ಎಂದೆ. ಎರಡು ಸಲ ಅವ್ವ ಎಲ್ಲಿ ಎಂದು ಕೇಳಿತು ಎಂದೆ.

"ನೀ ಏನಂದೆ?"

ಅಷ್ಟು ವರ್ಷ ಕಾಪಾಡಿಕೊಂಡು ಬಂದ ಮಹಾಪ್ರಾಣಗಳು ಆಗ ಒಂದೂ ಒದಗಲಿಲ್ಲ. "ನೀರು ತರಕೆ ಓಗವಳೆ, ಈಗ ಬತ್ತಾಳೆ ಅಂದೆ ಕಣಕ್ಕ."

ಅವಳು ಚಾಪೆಯ ಹುರಿಯೊಂದನ್ನು ಕಿತ್ತು ಬೆರಳ ತುದಿಯಲ್ಲಿ ಹೊಸೆದಳು.

"ಅಂಗಾದ್ರೆ ಕಾಯ್ತಾ ಇದ್ಲು."

ಇಷ್ಟೇ ಹೇಳಿ, ಅಲ್ಲೇ ಮಗ್ಗುಲಾಗಿ, ಸಂಜೆಯವರೆಗೆ ನಿದ್ದೆ ಮಾಡಿದಳು. ಉಸಿರು ಸಮನಾಗಿ ಬರುತ್ತಿತ್ತು. ನೋಡಬಾರದೆಂದುಕೊಂಡು ನೋಡುತ್ತಲೇ ಕೂತಿದ್ದೆ.

ಆಮೇಲಿನದನ್ನು ಗುಣವಾಯಿತು ಎನ್ನಬೇಕೋ ಬೇಡವೋ ಗೊತ್ತಿಲ್ಲ. ಊಟ ಸೇರಿತು. ಬೆರಳಿನ ನಡುಕ ಹೋಗಿ, ಯಜಮಾನರು ಬೇರೆಯವರನ್ನು ನೋಡಿಕೊಳ್ಳುವ ಮಾತು ಬಿಟ್ಟರು. ಎದೆ ಹೊಡೆದುಕೊಳ್ಳುವುದು ಅಪರೂಪವಾಯಿತು. ಉಪನ್ಯಾಸಕರು ಕೊನೆಯಲ್ಲಿ ಸುಖವೂ ಹೆಚ್ಚುತ್ತದೆ ಎಂದಿದ್ದರು. ಅದು ಅವಳ ಮನೆಯ ದಿಕ್ಕಿಗೆ ಬಂದದ್ದನ್ನು ನಾನಂತೂ ಕಾಣಲಿಲ್ಲ. ಬಂದದ್ದು ಸಿಟ್ಟು, ನನ್ನ ಮೇಲೆ. ಆ ಮುಕ್ಕಾಲು ಗಂಟೆಯನ್ನು ಒಂದು ವರ್ಷ ನನ್ನೊಳಗೇ ಇಟ್ಟುಕೊಂಡು, ಅವಳಿಗೆ ಕೊಡದೆ ಭಾನುವಾರಕ್ಕೊಮ್ಮೆ ಬಂದು ಮುದ್ದೆ ಉಂಡು ಹೋಗುತ್ತಿದ್ದೆನಲ್ಲ ಎಂದು ಓಣಿಯವರ ಹತ್ತಿರ ಹೇಳಿದಳಂತೆ. ಆರು ತಿಂಗಳು ನನ್ನನ್ನು ಊಟಕ್ಕೆ ಕರೆಯಲಿಲ್ಲ. ನಾನು ಹೋಗುತ್ತಿದ್ದೆ, ಜಗಲಿಯ ಮೇಲೆ ಕೂತಿದ್ದು ಬರುತ್ತಿದ್ದೆ. ಒಳಗೆ ಪಾತ್ರೆಯ ಸದ್ದು ಕೇಳುತ್ತಿತ್ತು. ಅವಳು ಉಣ್ಣುತ್ತಿದ್ದಾಳೆಂದು ತಿಳಿಯುತ್ತಿತ್ತು. ಏಳನೆಯ ತಿಂಗಳು ಒಂದು ದಿನ ಮಾತಿಲ್ಲದೆ ತಟ್ಟೆ ತಂದು ನನ್ನ ಮುಂದೆ ಇಟ್ಟಳು. ಸಾರಿಗೆ ಉಪ್ಪು ಹಾಕಿರಲಿಲ್ಲ. ಮರೆತಳೋ, ಬೇಕೆಂದೇ ಹಾಗೆ ಮಾಡಿದಳೋ, ನಾನು ಕೇಳಲಿಲ್ಲ, ಉಂಡೆ.